ಮೈಕಿನಲ್ಲಿ ನನ್ನ ಹೆಸರು

ಕಲ್ಕತ್ತಾ
೨ ಜನವರಿ ೧೯೭೯

ಪ್ರೀತಿಯ ದೀದಿ,

ನೀನು ಕಳಿಸಿದ ಖರ್ಜೂರದ ಬೆಲ್ಲ ತಲುಪಿತು. ಬುಲ್ಟಿ ನನಗೆ ಹೊಂದಿಕೊಂಡಳೇ ಎಂದು ಪ್ರತಿ ಸಲ ಕೇಳುತ್ತೀ, ಪ್ರತಿ ಸಲವೂ ನಾನು ಚಳಿಯ ವಿಷಯ ಬರೆದು ಮುಗಿಸುತ್ತೇನೆ. ಇವತ್ತು ಹೇಳಿಬಿಡುತ್ತೇನೆ. ನಾನು ಈ ಮನೆಗೆ ಬಂದ ಮೇಲೆ ಅವಳು ನನ್ನನ್ನು ಏನೆಂದೂ ಕರೆದಿಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಾಳೆ, ಅಷ್ಟೆ.

ನಿನ್ನೆ ಅವಳನ್ನು ಅಲಿಪುರದ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ತೀರಿಹೋದ ಅವಳಮ್ಮ ಪ್ರತಿ ಹೊಸವರ್ಷಕ್ಕೂ ಕರೆದೊಯ್ಯುತ್ತಿದ್ದಳಂತೆ. ಇವರಿಗೆ ಟ್ರಾಮ್ ಡಿಪೋದಲ್ಲಿ ರಜೆ ಸಿಗಲಿಲ್ಲ, ನಾವಿಬ್ಬರೇ. ನಾನು ಕರೆದೊಯ್ದೆ ಎನ್ನುವುದೂ ಅಷ್ಟು ಸರಿಯಲ್ಲ. ಮುಂದೆ ನಡೆದವಳು ಅವಳೇ. "ಆ ಕಡೆ ಅಲ್ಲ, ಅಲ್ಲಿ ಬರೀ ಕೊಕ್ಕರೆ. ನನ್ನ ಹಿಂದೇನೇ ಬನ್ನಿ."

ನೀರಾನೆಯ ಕೊಳದ ಹತ್ತಿರ ಬಟ್ಟೆ ಹಾಸಿ ಲೂಚಿ, ಆಲೂದಮ್ ತಿಂದೆವು. ಕಿತ್ತಳೆ ಸುಲಿದು ಕೊಟ್ಟೆ. ತೊಳೆಯನ್ನು ತಿರುಗಿಸಿ ನೋಡಿ, "ಅಮ್ಮ ಬಿಳಿ ನಾರೆಲ್ಲ ತೆಗ್ದು ಕೊಡ್ತಿದ್ಳು" ಎಂದಳು. ದೂರುವ ದನಿಯಲ್ಲ ದೀದಿ, ಬಸ್ಸಿನ ನಂಬರು ಹೇಳಿದ ಹಾಗೆ. ನಾರು ಬಿಡಿಸುತ್ತ ಕೂತಾಗ ಆ ಹೆಂಗಸೂ ನಮ್ಮ ನಡುವೆ ಕಾಲು ಮಡಚಿ ಕೂತಿದ್ದಾಳೆ ಅನ್ನಿಸಿತು. ಸಿಟ್ಟು ಬರಲಿಲ್ಲ. ಜಾಗ ಬಿಡಬೇಕಾದವರು ಯಾರು ಎಂದಷ್ಟೇ ಯೋಚನೆ.

ಆಗ ಹುಲಿ ಗರ್ಜಿಸಿತು. ಜನ ಒಮ್ಮೆಗೇ ಅತ್ತ ನುಗ್ಗಿದರು. ಎದ್ದು ಹಿಡಿದುಕೊಂಡಿದ್ದ ಅವಳ ಕೈ ನೂಕುನುಗ್ಗಲಲ್ಲಿ ಜಾರಿತು.

ಎಷ್ಟು ಅಲೆದೆನೋ. ಮಲತಾಯಿ ಬೇಕಂತಲೇ ಬಿಟ್ಟುಬಂದಳು ಎನ್ನುವ ಮಾತು ಆಗಲೇ ಕಿವಿಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಅದೂ ಮರೆತು, ಅವಳ ಕೆಂಪು ಉಲ್ಲನ್ ಟೋಪಿಯೊಂದೇ ಕಣ್ಣಮುಂದೆ. ಕಡಲೆಕಾಯಿ ಮಾರುವವನನ್ನು ಕೇಳಿದೆ.

"ಕೆಂಪು ಟೋಪಿನಾ? ಇವತ್ತು ಅರ್ಧ ಕಲ್ಕತ್ತಾ ಕೆಂಪು ಟೋಪಿ ಹಾಕ್ಕೊಂಡಿದೆ, ಬೌದಿ. ನಿಮ್ಮ ಮಗಳಾ?"

ಬಾಯಿ ತೆರೆದೆ. ಹೌದು ಎನ್ನಲು ನನಗಿನ್ನೂ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಮೈಕು ಕೂಗಿತು. ಗದ್ದಲದಲ್ಲಿ ಮೊದಲ ಸಲ ಸರಿಯಾಗಿ ಕೇಳಿಸಲಿಲ್ಲ, ಎರಡನೇ ಸಲ ಕೇಳಿಸಿತು. "ಕಟ್ವಾ ಊರಿನ ಶೇಫಾಲಿಕಾ ನಂದಿ ಅನ್ನೋರು ಕಳೆದುಹೋಗಿದಾರೆ. ಹಸಿರು ಸೀರೆ, ಕಂದು ಶಾಲು. ದಾರಿ ಗೊತ್ತಿಲ್ಲ, ಕೇಳೋಕೂ ನಾಚಿಕೆ. ಕಂಡೋರು ದಯವಿಟ್ಟು ಗೇಟಿನ ಹತ್ರ ಕರ್ಕೊಂಡು ಬನ್ನಿ. ಮನೆಯವರು ಕಾಯ್ತಿದಾರೆ."

ಓಡಿದೆ. "ಎಲ್ಲಿ ಹೋಗಿದ್ರಿ? ಹಿಂದೇನೇ ಬನ್ನಿ ಅಂದಿರ್ಲಿಲ್ವಾ?" ಎಂದು ಬುಲ್ಟಿ ಎಲ್ಲರೆದುರು ಗದರಿದಳು. ಗಲ್ಲ ಒದ್ದೆಯಾಗಿತ್ತು.

ಮೈಕಿನವರು ನಗುತ್ತಿದ್ದರು. "ತಪ್ಪಿಸ್ಕೊಂಡಿರೋದು ನೀನೇ ತಾನೇ ಪುಟ್ಟಿ ಅಂದೆ, ಮೇಜು ಗುದ್ದಿದ್ಳು ನೋಡಿ! ನಂಗೆ ಇಲ್ಲೆಲ್ಲಾ ಗೊತ್ತು, ಕಳೆದುಹೋಗಿರೋದು ಅವ್ರು ಅಂತ."

ಟ್ರಾಮ್ ಹತ್ತುವವರೆಗೂ ಬುಲ್ಟಿ ನನ್ನ ಮಣಿಕಟ್ಟು ಬಿಡಲಿಲ್ಲ, ತುಂಟ ಮಕ್ಕಳನ್ನು ಹಿಡಿದುಕೊಳ್ಳುವ ಹಾಗೆ. ಈಗಲೂ ಏನೆಂದೂ ಕರೆದಿಲ್ಲ. ನೀನು ಚಿಂತಿಸಬೇಡ.

ನಿನ್ನ ತಂಗಿ,
ಶೇಫಾಲಿಕಾ

ತಾ. ಕ.: ಮೈಕಿನ ಮಾತು ಮೊದಲ ಸಲವೇ ಪೂರ್ತಿ ಕೇಳಿಸಿತ್ತು, ದೀದಿ. ಇನ್ನೊಮ್ಮೆ ಕೂಗಲಿ ಎಂದು ಕಡಲೆಕಾಯಿಯವನ ಪಕ್ಕದಲ್ಲೇ ನಿಂತಿದ್ದೆ.