ಟ್ರಕ್ಕಿನ ಸೀಟಿನಡಿಯ ಕನ್ನಡಕ

ಪ್ರೀತಿಯ ಮಾವನವರಿಗೆ,

ಬಿಟರ್‌ರೂಟ್ ಬೆಟ್ಟದಲ್ಲಿ ಬೇಟೆಯ ಕೊನೆಯ ದಿನ ನಾನು ಎಲ್ಕ್ ಜಿಂಕೆಗೆ ಗುಂಡು ಹಾರಿಸದೆ ಬಂದೂಕು ಇಳಿಸಿದಾಗ ನೀವು ಬೆನ್ನು ತಟ್ಟಿ, "ಮರಿ ಜೊತೇಲಿದೆ ಅಂತ ಬಿಟ್ಟೆ ಅಲ್ವೇನಪ್ಪಾ ವೇಡ್? ದೊಡ್ಡ ಮನಸ್ಸು ನಿಂದು" ಅಂದಿರಿ. ಚರ್ಚಿನಲ್ಲೂ ಅದನ್ನೇ ಹೇಳುತ್ತಿದ್ದೀರೆಂದು ನಿಮ್ಮ ಮಗಳು ಟೆಸ್ಸಾ ಹೇಳಿದಳು. ದಯವಿಟ್ಟು ಹೇಳಬೇಡಿ.

ನನಗೆ ಮರಿಯೂ ಕಾಣಲಿಲ್ಲ, ತಾಯಿಯೂ ಕಾಣಲಿಲ್ಲ. ಡೇರೆಯ ಚಳಿಗೆ ಕಾಂಟ್ಯಾಕ್ಟ್ ಲೆನ್ಸುಗಳು ಡಬ್ಬಿಯಲ್ಲೇ ಹೆಪ್ಪುಗಟ್ಟಿದ್ದವು. ಬಿಡಿಸಲು ಹೋಗಿ ಹರಿದುಬಿಟ್ಟೆ. "ಕನ್ನಡಕದೋರು ಅಡುಗೆ ಮಾಡ್ಕೊಂಡಿರ್ಲಿ" ಎಂದು ನೀವು ಹಿಂದೊಮ್ಮೆ ನಕ್ಕಿದ್ದಿರಿ. ಹಾಗಾಗಿ ಕನ್ನಡಕವನ್ನು ನಿಮ್ಮ ಟ್ರಕ್ಕಿನ ಸೀಟಿನಡಿ ಬಚ್ಚಿಟ್ಟು ಬೆಟ್ಟ ಹತ್ತಿದ್ದೆ. ಅದನ್ನು ಟೆಸ್ಸಾಳ ಕೈಲಿ ಕಳಿಸಿಕೊಡಿ.

ಈ ಚಳಿಗಾಲ ಅತ್ತೆಯವರ ಫ್ರೀಜರ್ ಮಾಂಸವಿಲ್ಲದೆ ಖಾಲಿ ಇರುವುದು ನನ್ನ ಜಂಬದಿಂದ. ಅವರಿಗೂ ನೀವೇ ತಿಳಿಸಿ, ನನಗೆ ಮುಖವಿಲ್ಲ.

ನಿಮ್ಮ ಅಳಿಯ,
ವೇಡ್