ಒಳಗಿನಿಂದ ಚಿಲಕ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಅಮ್ಮ ಚೆನ್ನಾಗಿದ್ದಾಳೆ, ಅವಳ ಬಾಯಿ ಅದಕ್ಕಿಂತ ಚೆನ್ನಾಗಿದೆ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಬೈಯಬೇಡ. ಬರೆದರೆ ಒಳ್ಳೆ ಸುದ್ದಿಯನ್ನೇ ಬರೆಯಬೇಕು ಅಂತ ಹಟ ಹಿಡಿದು ಕೂತಿದ್ದೆ. ಈಗ ಸಿಕ್ಕಿದೆ: ಇವತ್ತು ನಾನು ಬಚ್ಚಲಿನ ಚಿಲಕ ಹಾಕಿಕೊಂಡು ಸ್ನಾನ ಮಾಡಿದೆ!

ನಗಬೇಡ. ಫಿಟ್ಸ್ ಶುರುವಾದಾಗಿನಿಂದ ನನ್ನ ಸ್ನಾನ ಹೇಗಿತ್ತು ಅಂತ ನಿನಗೆ ಗೊತ್ತಲ್ಲ. ಬಾಗಿಲು ಓರೆ, ಹೊರಗೆ ಅಮ್ಮ, ಒಳಗೆ ನನ್ನ ಹಾಡು. ಹಾಡು ನಿಂತರೆ ನಾನು ಬಿದ್ದೆ ಅಂತ ಲೆಕ್ಕ, ಅಮ್ಮ ನುಗ್ಗಿಬಿಡುತ್ತಿದ್ದಳು. ಮುಖಕ್ಕೆ ಸೋಪು ಹಚ್ಚಿಕೊಂಡೂ ಹಾಡಬೇಕು. ಪಕ್ಕದ ಮನೆಯವರ ಪುಣ್ಯ, ಅದು ಮುಗಿಯಿತು. ಇವತ್ತು ಸದ್ದಿಲ್ಲದೆ ನೀರು ಹುಯ್ದುಕೊಳ್ಳುತ್ತಿದ್ದರೆ, "ಸುಮ್ನೆ ಯಾಕಿದ್ದೀಯೇ, ಒಂದು ಸಾಲಾದ್ರೂ ಹಾಡೇ" ಅಂತ ಅಮ್ಮನೇ ಗೋಗರೆದಳು!

ಇದೆಲ್ಲ ಆಸ್ಪತ್ರೆಯವರು ಕೊಟ್ಟ, ನೀರು ಬಿದ್ದರೂ ಕೆಡದ ತಲೆಪಟ್ಟಿಯ ದಯೆ. ಮಿದುಳಿನಲ್ಲಿ ಓಡಾಡುವ ಸಣ್ಣ ವಿದ್ಯುತ್ ಅಲೆಗಳನ್ನು ಅದು ಸದಾ ಗಮನಿಸುತ್ತಿರುತ್ತದೆ. ಅಲೆ ದಾರಿ ತಪ್ಪಿತು ಅನ್ನಿಸಿದ ಕೂಡಲೇ, ಮೈ ನಡುಗುವ ಮೊದಲೇ, ಅದರ ಜೊತೆಗೇ ಕೊಟ್ಟ ಕೈಪಟ್ಟಿ ಗುಂಯ್ ಅನ್ನುತ್ತದೆ, ಅಮ್ಮನ ಫೋನೂ ಕೂಗುತ್ತದೆ. ಚಿಲಕ ತೆಗೆದು ನೆಲಕ್ಕೆ ಕೂರುವಷ್ಟು ಹೊತ್ತು ಸಿಗುತ್ತದೆ. ಗುರುತು ಹಿಡಿಯುವುದು ಕೃತಕ ಬುದ್ಧಿಯಂತೆ. "ಸ್ವಂತದ್ದು ಇಲ್ಲದವಳಿಗೆ ಅದಾದ್ರೂ ಇರಲಿ ಬಿಡಿ" ಅಂತ ಅಮ್ಮ ಡಾಕ್ಟರಮ್ಮನ ಎದುರೇ ಹೇಳಿದಳು.

ಮೊದಮೊದಲು ಆ ಬುದ್ಧಿಯೂ ಅಷ್ಟಕ್ಕಷ್ಟೇ. ನಾನು ಹಲ್ಲುಜ್ಜಿದರೆ ಫಿಟ್ಸ್ ಅಂತ ಕೂಗು! ಅಮ್ಮ ಸೌಟು ಹಿಡಿದೇ ಓಡಿ ಬಂದಳು, ನೋಡಿದರೆ ನನ್ನ ಬಾಯ್ತುಂಬ ನೊರೆ. ನಿಜವೇ ಅಂದುಕೊಂಡು ನನ್ನನ್ನು ನೆಲಕ್ಕೆ ಮಲಗಿಸಿಯೇ ಬಿಟ್ಟಳು. ಡಾಕ್ಟರಮ್ಮ ಬಿದ್ದೂ ಬಿದ್ದೂ ನಕ್ಕರು. "ನಿಮ್ಮ ತಲೆ ಅದಕ್ಕೆ ಹೊಸದು, ಕಲೀಲಿ. ನಿಜವಾದ ಫಿಟ್ಸನ್ನ ಒಂದು ಸಲ ಮೊದಲೇ ಹಿಡೀಲಿ, ಆಮೇಲೆ ಚಿಲಕಾನೂ ಹಾಕ್ಕೊಳ್ಳಿ, ಅಕ್ಕನ ಮನೆಗೂ ಒಬ್ಬರೇ ಹೋಗಿ" ಅಂದರು. ಫಿಟ್ಸ್ ಬರಲಿ ಅಂತ ಕಾದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಮೊನ್ನೆ ಬಂತು. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ. ಕೈಪಟ್ಟಿ ಗುಂಯ್ ಅಂದಿತು. ಕತ್ತರಿ ದೂರವಿಟ್ಟು ಬಟ್ಟೆ ರಾಶಿಯ ಮೇಲೆ ಒರಗಿದೆ. ಅಷ್ಟೇ ನೆನಪು. ಎಚ್ಚರವಾದಾಗ ಮೈಮೇಲೆ ಒಂದು ಗೀರೂ ಇಲ್ಲ! "ಮದುವೆ ಬಟ್ಟೆ ಕಣಮ್ಮಾ ಅದು, ಸುಕ್ಕಾಯ್ತಲ್ಲ" ಅನ್ನುತ್ತಲೇ ಮಾಲೀಕರು ನೀರು ಕುಡಿಸಿದರು. ಖುಷಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಭಾನುವಾರ ಬರುತ್ತಿದ್ದೇನೆ, ಒಬ್ಬಳೇ, ಬಸ್ಸಿನಲ್ಲಿ. ಭಾವನನ್ನು ನಿಲ್ದಾಣಕ್ಕೆ ಕಳಿಸಬೇಡ. ದಾರಿ ಕೇಳಿಕೊಂಡು ಬರುವ ಸುಖವೂ ನನಗೆ ಬೇಕು. ನಿನ್ನ ಪುಟ್ಟಿಗೆ ಚಿಕ್ಕಮ್ಮನ ಮುತ್ತುಗಳು. ನೂರು ಕಾಲ ನಗುನಗುತ್ತಾ ಬಾಳಲಿ.

ನಿನ್ನ ತಂಗಿ

ಮಡಚಿದ ಪತ್ರವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಕಳೆದ ಸಲ ಬಂದಾಗ ಪುಟ್ಟಿಯನ್ನು ಎತ್ತಿಕೊಳ್ಳಲು ಕೈ ಚಾಚಿದೆ. "ಮಗು ಮಲಗಿದೆ ಕಣೇ, ಎಬ್ಬಿಸೋದು ಬೇಡ" ಅಂದೆ ನೀನು. ಅವಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು, ಅಕ್ಕಾ. ನಿನ್ನ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಆದರೂ ತುಂಬ ನೋವಾಯಿತು. ಈ ಸಲ ನಾನು ಹಾಸಿಗೆಯ ಮೇಲೆ ಕೂತುಕೊಳ್ಳುತ್ತೇನೆ, ನೀನು ಪಕ್ಕದಲ್ಲೇ ಇರು. ಒಂದೇ ಒಂದು ಸಲ ಅವಳನ್ನು ನನ್ನ ಮಡಿಲಿಗೆ ಕೊಡು.