ನೀನು ಅಂಟಿಸಿದ ಕಾರ್ಪೆಟ್

ಗ್ರಿಮ್ಸ್‌ಬಿ
ನವೆಂಬರ್ ೯, ಭಾನುವಾರ

ಪ್ರೀತಿಯ ತಮ್ಮಾ ಡೆಕ್ಲನ್,

ಅದಕ್ಕೇ ಹೇಳಿದ್ದು, ಗೋಂದು ಹಚ್ಚಬೇಡ ಕಣೋ, ಅಂಚಿಗೆ ಮೊಳೆಪಟ್ಟಿ ಹೊಡೆದರೆ ಸಾಕು ಅಂತ. ನೀನು ಕೇಳಲಿಲ್ಲ. ಈಗ ನೋಡು, ನಿನ್ನ ಕೋಣೆಯ ಕಾರ್ಪೆಟ್ಟಿನ ಒಂದು ಮೂಲೆ ಎತ್ತಲು ಹೋಗಿ ನನ್ನ ಉಗುರು ಮುರಿಯಿತು, ಕಾರ್ಪೆಟ್ ಮಾತ್ರ ಕದಲಲಿಲ್ಲ. ಇರಲಿ, ಆ ಕಥೆ ಆಮೇಲೆ. ಮೊದಲು ನೀನು ಹೇಗಿದ್ದೀಯ? ಎದೆ ಹೇಗಿದೆ? ಚಳಿ ಬಿದ್ದ ಕೂಡಲೇ ನಿನಗೆ ಉಬ್ಬಸ ಏಳುತ್ತದೆ, ನೀನೋ ಇನ್‌ಹೇಲರನ್ನು ಇನ್ನೊಂದು ಕೋಟಿನ ಜೇಬಿನಲ್ಲಿ ಬಿಟ್ಟು ಹೊರಡುವವನು. ಅಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೀಯಾ? ಕತ್ತಿಗೆ ಏನಾದರೂ ಸುತ್ತಿಕೊಳ್ಳುತ್ತೀಯಾ? ಊಟ ಅಂದರೆ ಬರೀ ಚಿಪ್ಸ್ ಅಲ್ಲ ಅಂತ ಹೇಳುವವರು ಅಲ್ಲಿ ಯಾರಾದರೂ ಇದ್ದಾರಾ? "ಅಲ್ಲಿ" ಅಂತ ಬರೆಯುತ್ತಿದ್ದೇನೆ, ಅದು ಎಲ್ಲಿ ಅಂತ ನನಗೆ ಗೊತ್ತಿಲ್ಲ. ತಮ್ಮನಿಗೆ ಬರೆದ ಕಾಗದದ ಮೇಲೆ ಹಾಕಲು ವಿಳಾಸವಿಲ್ಲದ ಅಕ್ಕ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಕಾಣೆಯಾದವರನ್ನು ಹುಡುಕಿಕೊಡುವ ಚರ್ಚಿನ ಹೆಂಗಸು ಮೊನ್ನೆ ಫೋನ್ ಮಾಡಿದ್ದರು. "ಸಿಕ್ಕಿದ್ದಾನೆ ಕಣಮ್ಮ, ಆರೋಗ್ಯವಾಗಿದ್ದಾನೆ" ಎಂದರು. ನಾನು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಆಮೇಲೆ ಆಕೆ ಒಂದು ಉಸಿರು ಎಳೆದುಕೊಂಡು, "ಆದ್ರೆ ವಿಳಾಸ ಕೊಡಬೇಡಿ ಅಂದಿದ್ದಾನೆ. ಬೇಜಾರು ಮಾಡ್ಕೋಬೇಡಿ, ಎಷ್ಟೋ ಜನ ಹಾಗೇ ಅಂತಾರೆ. ನೀವೊಂದು ಕಾಗದ ಬರೆದುಕೊಟ್ರೆ ತಲುಪಿಸ್ತೀವಿ, ಓದೋದು ಬಿಡೋದು ಅವನಿಗೆ ಬಿಟ್ಟಿದ್ದು" ಎಂದರು. ಬೇಜಾರು ಮಾಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಂಜೆ ಟೋಸ್ಟಿಗೆ ಬೀನ್ಸಿನ ಜೊತೆ ಚೀಸನ್ನೂ ಹಾಕಿಕೊಂಡು ತಿಂದೆ. ನೀನು ಬದುಕಿದ್ದೀಯ ಎಂಬ ಸುದ್ದಿಗೆ ಅಷ್ಟಾದರೂ ಹಬ್ಬ ಬೇಡವೇ?

ನನ್ನ ವಿಷಯ ಹೇಳುವಂಥದ್ದು ಹೆಚ್ಚಿಲ್ಲ. ಬೆರಳಿನ ಗಂಟುಗಳು ಇನ್ನೂ ಹಾಗೇ ಊದುತ್ತವೆ. ಮೀನಿನ ಫ್ಯಾಕ್ಟರಿಯ ಐಸಿನಲ್ಲಿ ಅದ್ದಿದ ಕೈ ಇನ್ನು ಯಾವ ಬಿಸಿಗೂ ಸರಿಹೋಗುವುದಿಲ್ಲವಂತೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ, ಅತ್ತಿದ್ದಕ್ಕಲ್ಲ. ಸಂಜೆ ಟೀವಿಯ ಕ್ವಿಜ್ ನೋಡುತ್ತೇನೆ. ಉತ್ತರ ಗೊತ್ತಾದರೆ ಜೋರಾಗಿ ಹೇಳುತ್ತೇನೆ, ನೀನು ಪಕ್ಕದ ಕೋಣೆಯಿಂದ "ತಪ್ಪು!" ಅಂತ ಕಿರುಚುತ್ತಿದ್ದೆಯಲ್ಲ, ಅಷ್ಟು ಹೊತ್ತು ಕಾಯುತ್ತೇನೆ, ಆಮೇಲೆ ಮುಂದಿನ ಪ್ರಶ್ನೆ. ಎದುರು ಬಾಗಿಲಿನ ಮೇವಿಸ್ ಆಂಟಿ ದಿನಕ್ಕೊಮ್ಮೆ ಬಂದು ನನ್ನನ್ನು ಬೈದು ಹೋಗುತ್ತಾರೆ. ಬೈಗುಳದ ವಿಷಯ ಒಂದೇ, ನಾನು ಬಾಗಿಲಿನ ಒಳಗಿನ ಸರಪಳಿ ಹಾಕುವುದಿಲ್ಲ ಅಂತ. "ಒಂಟಿ ಹೆಂಗಸು, ಕಳ್ಳ ನುಗ್ಗಿದ್ರೆ ಏನ್ ಮಾಡ್ತೀಯೇ?" ಅನ್ನುತ್ತಾರೆ. "ಬಂದ್ರೆ ಬರ್ಲಿ ಆಂಟಿ, ಟೀ ಕಾಸಿ ಕೊಡ್ತೀನಿ, ಮಾತಾಡೋಕಾದ್ರೂ ಆಯ್ತು" ಎಂದೆ. ನಕ್ಕರು, ಮತ್ತೆ ಬೈದರು. ನಿನ್ನ ಹತ್ತಿರ ಕೀಲಿ ಇದೆ, ಆದರೆ ಒಳಗೆ ಸರಪಳಿ ಬಿದ್ದಿದ್ದರೆ ಕೀಲಿಯಿದ್ದೂ ಬಾಗಿಲು ತೆರೆಯುವುದಿಲ್ಲ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಈಗ ಬಾಡಿಗೆಯ ವಿಷಯ. ಮುಖ ಗಂಟು ಹಾಕಬೇಡ, ಓದು. ನಿನಗೆ ಇಪ್ಪತ್ತೊಂದು ತುಂಬಿದ ತಿಂಗಳು ಸರ್ಕಾರ ಕೊಡುವ ನನ್ನ ಭತ್ಯೆಯಲ್ಲಿ ಬಾಡಿಗೆಗೆಂದು ಬರುವ ಹಣವನ್ನು ಕಡಿಮೆ ಮಾಡಿದ್ದರಲ್ಲ, ಮನೆಯಲ್ಲಿ ದುಡಿಯುವ ವಯಸ್ಸಿನ ಗಂಡಸು ಇದ್ದಾನೆ, ಅವನು ಕೊಡಲಿ ಅಂತ. ನಿನಗೋ ಗೋದಾಮಿನಲ್ಲಿ ವಾರಕ್ಕೆ ಎರಡು ದಿನ ಕೆಲಸ, ಒಂದೊಂದು ವಾರ ಅದೂ ಇಲ್ಲ. ನೀನು ಹೊರಟುಹೋದೆ. ಯಾಕೆ ಹೋದೆ ಅಂತ ನನಗೆ ಎಷ್ಟೋ ತಿಂಗಳು ಗೊತ್ತಿರಲಿಲ್ಲ. ನಾನೇನಾದರೂ ಅಂದೆನಾ, ಹುಡುಗಿ ಇದ್ದಾಳಾ, ಸಾಲ ಮಾಡಿಕೊಂಡಿದ್ದೀಯಾ, ಏನೇನೋ ಯೋಚಿಸಿದೆ. ಕಡೆಗೆ ಈ ಬೇಸಗೆಯಲ್ಲಿ ಬಾಯಿಬಿಟ್ಟವರು ಮೇವಿಸ್ ಆಂಟಿ. ಚೀಲ ಹೊತ್ತು ಇಳಿಯುವಾಗ ಮೆಟ್ಟಿಲ ಮೇಲೆ ಅವರಿಗೆ ಸಿಕ್ಕಿದ್ದೆಯಂತೆ. "ನಾನು ಹೋದ್ರೆ ಅಕ್ಕಂಗೆ ಪೂರ್ತಿ ದುಡ್ಡು ಬರತ್ತೆ ಆಂಟಿ. ಹೇಳ್ಬೇಡಿ, ಹೇಳಿದ್ರೆ ಬಾಗಿಲಿಗೆ ಅಡ್ಡ ಮಲಗ್ತಾಳೆ" ಅಂದೆಯಂತೆ. ಮಲಗುತ್ತಿದ್ದೆ ಕಣೋ, ಖಂಡಿತ ಮಲಗುತ್ತಿದ್ದೆ. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಆಂಟಿಯ ಜೊತೆ ಒಂದು ವಾರ ಮಾತು ಬಿಟ್ಟೆ. ಆಮೇಲೆ ಮಾತಾಡಲು ಬೇರೆ ಯಾರೂ ಇಲ್ಲ ಅಂತ ನೆನಪಾಗಿ ರಾಜಿಯಾದೆ.

ಆದರೆ ಪೆದ್ದೇ, ನೀನು ಹೋದದ್ದರಿಂದ ಏನಾಯಿತು ಗೊತ್ತಾ? ನೀನು ಮನೆಯಲ್ಲಿಲ್ಲ ಅಂತ ನಾನು ನಿಯತ್ತಾಗಿ ತಿಳಿಸಿದೆ. "ಹಾಗಾದರೆ ನಿಮಗೆ ಒಂದು ಮಲಗುವ ಕೋಣೆ ಹೆಚ್ಚಾಯಿತು" ಎಂದರು. ಖಾಲಿ ಕೋಣೆಯ ಲೆಕ್ಕದಲ್ಲಿ ಮತ್ತೆ ಕಡಿತ. ನೀನಿದ್ದರೆ ನೀನಿದ್ದೀಯ ಅಂತ ಮುರಿದುಕೊಳ್ಳುತ್ತಾರೆ, ಇಲ್ಲದಿದ್ದರೆ ನೀನಿಲ್ಲ ಅಂತ. ಇದನ್ನು ಮೇವಿಸ್ ಆಂಟಿಗೆ ಬಿಡಿಸಿ ಹೇಳಲು ಒಂದು ಕೆಟಲ್ ಟೀ ಬೇಕಾಯಿತು. ಎಲ್ಲ ಕೇಳಿ, "ಅಲ್ವೇ, ಹಂಗಾದ್ರೆ ಅರ್ಧ ದಿನ ಇದ್ದು ಅರ್ಧ ದಿನ ಹೋದ್ರೆ ಏನ್ ಮಾಡ್ತಾರೆ?" ಎಂದರು. "ಎರಡೂ ಕಡಿತ ಹಾಕ್ತಾರೆ ಬಿಡಿ" ಎಂದೆ. ಆ ಕೋಣೆಯನ್ನು ಬಿಸಿಮಾಡುವ ರೇಡಿಯೇಟರ್ ಹಚ್ಚಿ ವರ್ಷವಾಯಿತು. ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಬರುತ್ತದೆ, ಬ್ಲೀಚ್ ಹಾಕಿ ಒರೆಸುತ್ತೇನೆ. ಯಾರೂ ಮಲಗದ, ಯಾವ ಬಿಸಿಯೂ ಇಲ್ಲದ ಆ ಕೋಣೆ ನನ್ನ ಜೊತೆ ಕೂತು ನನ್ನ ತಟ್ಟೆಯಿಂದಲೇ ತಿನ್ನುತ್ತಿದೆ ಅಂತ ಎಷ್ಟೋ ಸಲ ಅನ್ನಿಸಿದೆ. ಕೋಪ ಬಂದಿಲ್ಲ. ಮನೆಯಲ್ಲಿ ಇನ್ನೊಬ್ಬರು ಇದ್ದಾರಲ್ಲ ಅಂತ ಅನ್ನಿಸುತ್ತಿತ್ತು.

ಬಾಕಿ ಬೆಳೆಯಿತು. ಮನೆ ಬಾಡಿಗೆಗೆ ಕೊಟ್ಟಿರುವ ವಸತಿ ಸಂಸ್ಥೆಯಿಂದ ಫ್ರೇಯಾ ಅಂತ ಒಬ್ಬಳು ಬರುತ್ತಾಳೆ, ನಿನ್ನದೇ ವಯಸ್ಸು, ಬೂಟಿಗೆ ಹೊಳೆಯುವ ದಾರ ಕಟ್ಟಿಕೊಂಡಿರುತ್ತಾಳೆ. ಕೆಟ್ಟವಳಲ್ಲ, ನನ್ನ ಸೋಫಾದ ಅಂಚಿನಲ್ಲಿ ಕೂತು ಅವಳೇ ಬಾಕಿದಾರಳ ಹಾಗೆ ಬೆವರುತ್ತಾಳೆ. "ಡೋನಾ ಅವ್ರೇ, ಮುಂದಿನ ಹೆಜ್ಜೆ ಕೋರ್ಟು. ನಂಗೆ ಅದು ಇಷ್ಟ ಇಲ್ಲ, ನಿಮ್ಗೂ ಇಷ್ಟ ಇಲ್ಲ. ಒಂದು ಕೋಣೆ ಮನೆಗೆ ಹೋಗ್ಬಿಡಿ" ಎಂದಳು. "ಕೊಡಿ, ಹೋಗ್ತೀನಿ" ಎಂದೆ. ಕೊಡಲು ಅವಳ ಹತ್ತಿರ ಒಂದೂ ಇಲ್ಲ. ನಾವೇ ಯಾರ ಜೊತೆಗಾದರೂ ಮನೆ ಅದಲುಬದಲು ಮಾಡಿಕೊಳ್ಳಬೇಕು. ಆದರೆ ಬಾಕಿ ಇರುವವರಿಗೆ ಅದಲುಬದಲಿಗೆ ಒಪ್ಪಿಗೆ ಇಲ್ಲ. ಖಾಲಿ ಕೋಣೆ ಇದ್ದದ್ದಕ್ಕೆ ಬಾಕಿ, ಬಾಕಿ ಇದ್ದದ್ದಕ್ಕೆ ಖಾಲಿ ಕೋಣೆ ಬಿಡುವ ಹಾಗಿಲ್ಲ! ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಅವಳೂ ನಕ್ಕಳು. ಆಮೇಲೆ ಮೇಲಿನವರ ಹತ್ತಿರ ಅದೇನು ಬೇಡಿಕೊಂಡಳೋ, ಕಂತು ಕಟ್ಟಲು ಒಪ್ಪಿದರೆ ಹೋಗಬಹುದು ಎಂದು ಅಪ್ಪಣೆ ತಂದಳು.

ಇಂಟರ್ನೆಟ್ಟಿನ ಅದಲುಬದಲಿನ ಗುಂಪಿನಲ್ಲಿ ನಮ್ಮ ಮನೆಯ ಫೋಟೋ ಹಾಕಿದೆ. "ಇರುವುದು ಎರಡು ಕೋಣೆ, ಬೇಕಿರುವುದು ಒಂದು" ಅಂತ ಬರೆದೆ. ಮೊದಲ ದಿನವೇ ಒಬ್ಬ, "ಪರದೆ ನೋಡಿದ್ರೆ ಭೂತ ಇರೋ ಹಾಗಿದೆ" ಅಂತ ಕೆಳಗೆ ಬರೆದ. "ಇದೆ, ಬಾಡಿಗೆ ಕೊಡಲ್ಲ" ಅಂತ ನಾನು ಉತ್ತರ ಹಾಕಿದೆ, ಅದಕ್ಕೆ ಬಂದಷ್ಟು ಮೆಚ್ಚುಗೆ ಮನೆಗೆ ಬರಲಿಲ್ಲ. ಕಡೆಗೆ ಕ್ಲೀಥಾರ್ಪ್ಸಿನಿಂದ ಟಿಫನಿ ಅಂತ ಒಬ್ಬಳು, ತನ್ನ ಮಗಳು ರೂಬಿಯನ್ನು ಕರೆದುಕೊಂಡು ಮನೆ ನೋಡಲು ಬಂದಳು. ತಾಯಿ ಮಗಳು ಒಂದೇ ಕೋಣೆಯಲ್ಲಿ ಒಂದೇ ಮಂಚದಲ್ಲಿ ಮಲಗುವವರು. ನಿನ್ನ ಕೋಣೆಯ ಬಾಗಿಲು ತೆಗೆದ ಕೂಡಲೇ ರೂಬಿ ಶೂ ಕಳಚಿ ನೆಲದ ಮೇಲೆ ಉದ್ದಕ್ಕೆ ಮಲಗಿ, ಆ ಚಿನ್ನದ ಬಣ್ಣದ ಸುರುಳಿಗಳ ಮೇಲೆ ಬೆರಳಾಡಿಸಲು ಶುರುಮಾಡಿದಳು. ಬಂದರಿನ ಹತ್ತಿರದ ಕ್ಲಬ್ಬು ಮುಚ್ಚಿದಾಗ ಬೀದಿಗೆ ಎಸೆದಿದ್ದ ಕಾರ್ಪೆಟ್ಟನ್ನು ಶಾಪಿಂಗ್ ಗಾಡಿಯಲ್ಲಿ ತಳ್ಳಿಕೊಂಡು ಬಂದಿದ್ದೆಯಲ್ಲ, ವರ್ಷಗಟ್ಟಲೆ ಬಿಯರ್ ವಾಸನೆ ಬರುತ್ತಿತ್ತಲ್ಲ, ಅದೇ. ಟಿಫನಿ ನೇರವಾಗಿ ಕೇಳಿದಳು: "ಕಾರ್ಪೆಟ್ ಬಿಟ್ಟು ಹೋಗ್ತೀಯೇನೇ?" ಇಲ್ಲಿ ಮನೆ ಖಾಲಿ ಮಾಡುವಾಗ ನೆಲದ ಹಾಸನ್ನು ಯಾರು ಬಿಡುತ್ತಾರೆ? ಅಮ್ಮ ತೀರಿಕೊಂಡ ವರ್ಷ ಈ ಮನೆಗೆ ನಾವು ಬಂದಾಗ ಬರೀ ಸಿಮೆಂಟ್ ನೆಲವಿತ್ತು, ನೀನು ಒಂಬತ್ತು ವರ್ಷದವನು, ರಾತ್ರಿ ಬಾತ್‌ರೂಮಿಗೆ ನನ್ನ ಪಾದದ ಮೇಲೆ ನಿನ್ನ ಪಾದ ಇಟ್ಟುಕೊಂಡು ಹೋಗುತ್ತಿದ್ದೆ. "ಇಲ್ಲ, ತಗೊಂಡು ಹೋಗ್ತೀನಿ. ನಿನ್ನ ಮನೆಯ ನೆಲದ ಮರದ ಹಲಗೆ?" ಎಂದೆ. "ಅಯ್ಯೋ ಅದು ನಂದು, ನಾನು ಕಿತ್ಕೊಂಡು ಬರ್ತೀನಪ್ಪ!" ಎಂದಳು. ನ್ಯಾಯ ನೋಡು! ಆಗಲೇ ನಾನು ಮಂಡಿಯೂರಿ ಮೂಲೆ ಎತ್ತಲು ಹೋಗಿದ್ದು, ಉಗುರು ಮುರಿದಿದ್ದು. ದೋಣಿ ರಿಪೇರಿಯವರಿಂದ ತಂದ ಆ ಡಬ್ಬಿಯ ಗೋಂದು. "ಸಮುದ್ರದ ನೀರಿಗೂ ಬಿಡಲ್ಲ ಅಕ್ಕಾ ಇದು" ಅಂದಿದ್ದೆ ನೀನು. ಟಿಫನಿಯೂ ಕೂತು ಎಳೆದಳು, ಇಬ್ಬರೂ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಹಲ್ಲು ಕಚ್ಚಿ ಎಳೆದೆವು. "ಯಾವನೇ ಇವ್ನು, ಮನೆ ಮುಳುಗಿದ್ರೂ ಕಾರ್ಪೆಟ್ ಉಳೀಲಿ ಅಂತ ಅಂಟ್ಸಿದ್ದಾನೆ!" ಎಂದಳು.

ಆಗ ರೂಬಿ ಮಲಗಿದ್ದಲ್ಲಿಂದಲೇ ಕೇಳಿದಳು, "ಇಲ್ಲಿ ಯಾರು ಮಲಗೋದು?" ನನ್ನ ತಮ್ಮ ಎಂದೆ. "ಎಲ್ಲಿದ್ದಾನೆ?" ನಾನು ಬಾಯಿ ತೆಗೆಯುವ ಮೊದಲೇ ಟಿಫನಿ, "ಕೆಲಸಕ್ಕೆ ಹೋಗಿರ್ತಾನೆ ಕಣೇ, ಸುಮ್ನಿರು" ಎಂದಳು. ಹೌದು, ಕೆಲಸಕ್ಕೆ ಹೋಗಿದ್ದಾನೆ ಎಂದೆ. "ಸಂಜೆ ಬರ್ತಾನಾ?" ಎಂದಳು. ನಾನು ಟೀಗೆ ನೀರು ಇಡಲು ಎದ್ದು ಹೋದೆ.

ಸಹಿ ಹಾಕಿಬಿಟ್ಟೆ, ತಮ್ಮಾ. ಕೇಳಲು ನೀನಿರಲಿಲ್ಲ. ಅವಳ ಮನೆ ನೋಡಿ ಬಂದೆ, ನೆಲಮಹಡಿ, ಕಿಟಕಿಗೆ ಕಸದ ಡಬ್ಬಿಗಳ ಸಾಲು ಕಾಣುತ್ತದೆ, ಆದರೆ ಕಿವಿಗೊಟ್ಟರೆ ಸಮುದ್ರ ಕೇಳಿಸುತ್ತದೆ. ಮಲಗುವ ಕೋಣೆ ಒಂದೇ. ಮುಂದಿನ ಕೋಣೆಯಲ್ಲಿ ನಮ್ಮ ಸೋಫಾ ಹಿಡಿಯುತ್ತದೆ, ಕೈಯಲ್ಲಿ ಅಳೆದು ನೋಡಿದ್ದೇನೆ, ಬಿಡಿಸಿದರೆ ಗೋಡೆಗೆ ಗೇಣಷ್ಟು ಜಾಗ ಉಳಿಯುತ್ತದೆ. ನಿನ್ನ ಕಾಲು ಉದ್ದ, ಮಡಚಿಕೊಂಡು ಮಲಗಬೇಕು. ಸೋಫಾದ ಮೇಲೆ ಎರಡು ರಾತ್ರಿ ಮಲಗಿ ಹೋಗುವ ತಮ್ಮನಿಗೂ ಕಡಿತ ಇದೆಯಾ ಅಂತ ಫ್ರೇಯಾಳನ್ನು ಕೇಳಿದೆ. "ನೆಂಟರಿಗೆ ಇಲ್ಲ" ಎಂದಳು. ನಿನ್ನನ್ನು ನೆಂಟ ಅಂದಳು, ಆದರೂ ಆಗಲಿ ಎಂದೆ. ನಿನ್ನ ಬಟ್ಟೆ, ನಿನ್ನ ಬೂಟು, ಗೋಡೆಯ ಮೇಲಿದ್ದ ಚಿತ್ರಗಳು ಎಲ್ಲವನ್ನೂ ಎರಡು ಪೆಟ್ಟಿಗೆಗೆ ಹಾಕಿದ್ದೇನೆ. ಕಾರ್ಪೆಟ್ ರೂಬಿಗೆ. ಬೇರೆ ಇನ್ನೇನು ಮಾಡುವುದು, ಕಿತ್ತು ತರುವ ಹಾಗೆ ನೀನು ಅಂಟಿಸಲಿಲ್ಲವಲ್ಲ.

ನೀನು ಎಲ್ಲೇ ಇರು, ಬೆಚ್ಚಗಿರು. ನಿನ್ನ ಉಸಿರು ಸಲೀಸಾಗಿ ಆಡಲಿ, ಬೂಟಿನೊಳಗೆ ನೀರು ಬಾರದಿರಲಿ, ಒಳ್ಳೆಯವರ ಪಕ್ಕದಲ್ಲಿ ನಿನಗೊಂದು ಕುರ್ಚಿ ಸಿಗಲಿ. ಮೇವಿಸ್ ಆಂಟಿ ನಿನಗೊಂದು ಮುತ್ತು, ಜೊತೆಗೊಂದು ಏಟು ಕಳಿಸಿದ್ದಾರೆ, ಯಾವುದು ಬೇಕೋ ಇಟ್ಟುಕೋ. ನನ್ನನ್ನು ಬಿಟ್ಟು ಹೋದೆ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನಗೋಸ್ಕರ ಹೋದವನು ನೀನು.

ನಿನ್ನ ಅಕ್ಕ,
ಡೋನಾ

ತಾ.ಕ.: ಆಂಟಿ ಕೋಟು ಹಾಕಿಕೊಂಡು ನಿಂತಿದ್ದಾರೆ, ಈ ಕಾಗದವನ್ನು ಚರ್ಚಿನಲ್ಲಿ ಕೊಡಲು, ಬೇಗ ಬೇಗ ಅನ್ನುತ್ತಿದ್ದಾರೆ. ಮುಖ್ಯವಾದದ್ದೇ ಬರೆಯಲಿಲ್ಲ. ಇದೇ ಇಪ್ಪತ್ತೆಂಟನೇ ತಾರೀಖು, ಶುಕ್ರವಾರ ಬೆಳಿಗ್ಗೆ ಮನೆ ಒಪ್ಪಿಸಬೇಕು, ಎರಡೂ ಕೀಲಿ ಕೊಡಬೇಕು. ಒಂದು ಕಡಿಮೆಯಾದರೆ ಬೀಗ ಬದಲಿಸಿ ಆ ಖರ್ಚನ್ನೂ ನನ್ನ ಬಾಕಿಗೆ ಸೇರಿಸುತ್ತಾರಂತೆ. ಒಂದು ನನ್ನ ಹತ್ತಿರವಿದೆ. ನೀಲಿ ದಾರ ಕಟ್ಟಿದ್ದು ನಿನ್ನ ಜೇಬಿನಲ್ಲಿದೆ. ಎಲ್ಲ ಬಿಟ್ಟು ಹೋದವನು ಅದನ್ನು ಮಾತ್ರ ತೆಗೆದುಕೊಂಡು ಹೋಗಿದ್ದೀಯ. ಕವರಿನಲ್ಲಿ ಬರೀ ಕೀಲಿ ಬಂದರೂ ಅಕ್ಕ ಅರ್ಥ ಮಾಡಿಕೊಳ್ಳುತ್ತಾಳೆ. ಆದರೆ ಆ ಬೆಳಿಗ್ಗೆಯವರೆಗೂ ನಾನು ಸರಪಳಿ ಹಾಕುವವಳಲ್ಲ. ಈಗ ಹೇಳು ನೋಡೋಣ, ಕೀಲಿಯನ್ನು ಅಂಚೆಗೆ ಹಾಕ್ತೀಯಾ, ಇಲ್ಲ ನೀನೇ ಬಂದು ಬಾಗಿಲು ತೆಗೀತೀಯಾ?